ಮಾವನ ಬ್ರಶ್ಶು, ಮಾವನ ನೊರೆ

ನಮ್ಮ ಸೋದರಮಾವನಿಗೆ ಗಡ್ಡ ಬರೋದೇ ನೊರೆ ಹಚ್ಚಿಸಿಕೊಳ್ಳೋದಕ್ಕೆ! ಬೇರೆ ಗಂಡಸರಿಗೆ ಮೊದಲು ಗಡ್ಡ ಬರುತ್ತೆ, ಆಮೇಲೆ ಅದನ್ನ ತೆಗೆಯೋಕೆ ಸೋಪು, ಬ್ರಶ್ಶು ಅಂತ ಹುಡುಕ್ತಾರೆ. ಇವರದು ತಿರುಗಾಮುರುಗಾ. ಬೆಳಿಗ್ಗೆ ಎದ್ದು ನೊರೆ ಕಡೆಯಲೇಬೇಕು, ಕಡೆದ ನೊರೆಗೆ ಒಂದು ಜಾಗ ಬೇಕು, ಪಾಪ, ಅದಕ್ಕೋಸ್ಕರ ಆ ಮುಖ ರಾತ್ರಿಯೆಲ್ಲ ಕಷ್ಟಪಟ್ಟು ಗಡ್ಡ ಬೆಳೆಸಿಡುತ್ತೆ. ಈ ಗುಮಾನಿಯನ್ನ ಒಮ್ಮೆ ಅವರ ಎದುರಿಗೇ ಹೇಳಿದೆ. ಬೈತಾರೆ ಅಂದುಕೊಂಡರೆ, ಗಲ್ಲ ಸವರಿಕೊಂಡು, "ಊಂ ಕಣವ್ವಾ, ಇಷ್ಟ್ ವರ್ಸಕ್ಕೆ ನೀನೊಬ್ಳು ಸರ್ಯಾಗಿ ತಿಳ್ಕಂಡೆ" ಅಂದುಬಿಟ್ಟರು!

ಗಡ್ಡವಿಲ್ಲದ ಹೆಂಗಸು ನೀನು, ನಿನಗ್ಯಾಕಮ್ಮ ಈ ಉಸಾಬರಿ ಅಂತ ನೀವು ಕೇಳಬಹುದು. ನಾನು ಹೈಸ್ಕೂಲು ಓದಿದ್ದು ಚಿನಕುರಳಿಯಲ್ಲಿ, ಇದೇ ಮಾವನ ಮನೆಯಲ್ಲಿದ್ದುಕೊಂಡು. ಬೇರೆ ಮಕ್ಕಳು ಬೆಳಿಗ್ಗೆ ಎದ್ದು ಮಗ್ಗಿ ಬಾಯಿಪಾಠ ಮಾಡಿದರೆ ನಾನು ಜಗಲಿ ಮೇಲೆ ಕೂತು ನೊರೆ ಏಳೋದನ್ನ ನೋಡ್ತಿದ್ದೆ. ಈಗ ಶ್ರೀರಂಗಪಟ್ಟಣದಲ್ಲಿ ಟೀಚರಾಗಿದ್ದೀನಿ. ಮಗ್ಗಿ ಮರೆತರೂ ಮರೆತೇನು, ಆ ನೊರೆ ಮರೆಯೋದಿಲ್ಲ.

ಇದು ಬರೀ ನಗೋ ಸಮಾಚಾರ ಅಂತಲೂ ತಿಳ್ಕೋಬೇಡಿ. ಹೋದ ವರ್ಷ ನಮ್ಮತ್ತೆ, ಅಂದರೆ ಈ ಮಾವನ ಹೆಂಡತಿ, ಕ್ಯಾನ್ಸರಿಗೆ ಔಷಧಿ ಹಾಕಿಸಿಕೊಳ್ಳೋಕೆ ಇನ್ನು ಆಸ್ಪತ್ರೆ ಮೆಟ್ಟಿಲು ಹತ್ತೋದೇ ಇಲ್ಲ ಅಂತ ಹಟ ಹಿಡಿದು ಕೂತುಬಿಟ್ಟರು. ಡಾಕ್ಟರು ಹೇಳಿದರು, ಮಗಳು ಅತ್ತಳು, ನಾನು ಕೈಕಾಲು ಹಿಡಿದೆ. ಊಹೂಂ. ನಾವೆಲ್ಲ ಸೋತು ಕೈಚೆಲ್ಲಿದ ಮೇಲೆ ಅಖಾಡಕ್ಕೆ ಇಳಿದದ್ದು ಈ ನೊರೆ! ಸ್ವಲ್ಪ ತಾಳಿ, ಹೇಳ್ತೀನಿ. ಮೊದಲು ನೊರೆ ಏಳಬೇಕು. ಅವಸರ ಮಾಡಿದರೆ ನಮ್ಮ ಮಾವನಿಗೆ ಆಗಿಬರಲ್ಲ.

ಮೊದಲು ಬ್ರಶ್ಶಿನ ಸ್ನಾನ. ಬಾಣಂತಿ ಮನೆಯಲ್ಲಿ ಕೂಸಿಗೆ ನೀರಿನ ಹದ ನೋಡ್ತಾರಲ್ಲ, ಹಾಗೆ ಮಾವ ಚೊಂಬಿನ ನೀರನ್ನ ಮೊಣಕೈ ಮೇಲೆ ಹನಿಸಿ ನೋಡೋರು. ಬಿಸಿ ಹೆಚ್ಚಾದರೆ ಕೂದಲು ಮುರಿಯುತ್ತೆ, ತಣ್ಣಗಿದ್ದರೆ ಸೋಪು ಏಳೋದಿಲ್ಲ. ಹದ ಕಂಡ ಮೇಲೆ ಬ್ರಶ್ಶನ್ನ ಅದರಲ್ಲಿ ಕೂರಿಸಿ ಸುಮ್ಮನೆ ಕಾಯೋರು.

"ಎದ್ದು ಬನ್ನಿ, ರೊಟ್ಟಿ ಆರೋಯ್ತದೆ" ಅಂತ ಅತ್ತೆ ಒಳಗಿಂದ ಕೂಗಿದರೆ, "ತಡ್ಯೇ, ಅದು ನೀರು ಕುಡೀತಾ ಅದೆ. ಬಾಯಾರಿರೋ ಬ್ರಶ್ಶು ನೊರೆ ಕೊಡಾಕಿಲ್ಲ" ಅನ್ನೋರು.

"ನಿಮ್ ಬ್ರಶ್ಶಿಗೆ ಬಾಯಾರಿಕೆ ತಿಳೀತದೆ, ನನ್ ಎಮ್ಮೆಗೆ ನೀರಿಡದು ತಿಳಿಯಾಕಿಲ್ಲ!"

ನೀರು ಕುಡಿದಾದ ಮೇಲೆ ಕೊಡವೋದು. ಹೆಚ್ಚು ಕೊಡವಿದರೂ ತಪ್ಪು, ಕಮ್ಮಿ ಕೊಡವಿದರೂ ತಪ್ಪು. ಆಮೇಲೆ ಬಟ್ಟಲಲ್ಲಿರೋ ಸೋಪಿನ ಬಿಲ್ಲೆ ಮೇಲೆ ಬ್ರಶ್ಶು ತಿರುಗಿಸೋದು. ಒತ್ತಬಾರದು, ಬರೀ ತುದಿ ಆಡಬೇಕು. ಮೊದಮೊದಲು ಚಪಚಪ ಸದ್ದು, ಮೇಲೆ ದೊಡ್ಡ ದೊಡ್ಡ ಗುಳ್ಳೆ. ನಾನು "ಮಾವ, ನೊರೆ ಬಂತು!" ಅಂತ ಕೂಗಿದರೆ ಅವರ ಮುಖ ಸಿಂಡರಿಸೋದು ನೋಡಬೇಕು. "ಇದು ನೊರೆಯಾ? ಇದು ಬಟ್ಟೆ ಒಗೆಯೋ ನೀರು ಕಣ್ ಮಗಾ. ಗುಳ್ಳೆ ಕಂಡ್ರೆ ಅದು ನೊರೆ ಅಲ್ಲ. ಸದ್ದು ಬಂದ್ರೂ ನೊರೆ ಅಲ್ಲ." ಅಂದವರೇ ಬೆರಳ ತುದಿಯಿಂದ ಒಂದೊಂದೇ ಹನಿ ನೀರು ಹಾಕೋರು, ತಿರುಗಿಸೋರು, ಮತ್ತೆ ವಸಿ ನೀರು, ಮತ್ತೆ ತಿರುಗಿಸೋದು. ಇದ್ದಕ್ಕಿದ್ದ ಹಾಗೆ ಸದ್ದು ನಿಂತುಹೋಗೋದು. ಗುಳ್ಳೆ ಎಲ್ಲ ಎಲ್ಲಿಗೋ ಹೋಗಿ, ಬಟ್ಟಲ ತುಂಬ ಕೆನೆಮೊಸರಿನ ಹಾಗೆ ಬೆಳ್ಳಗೆ, ಗಟ್ಟಿಗೆ, ಹೊಳೀತಾ ನಿಲ್ಲೋದು! ದಿನಾ ನೋಡ್ತಿದ್ದೆ, ದಿನಾ ಬಾಯಿ ಬಿಡ್ತಿದ್ದೆ. ಎಲ್ಲಿಂದ ಬಂತು ಅಷ್ಟೊಂದು? ಇದ್ದದ್ದು ಅಷ್ಟೇ ಸೋಪು, ಅಷ್ಟೇ ನೀರು!

ಅಷ್ಟಕ್ಕೇ ಮುಗೀತೇ? ಪರೀಕ್ಷೆ ಬೇಡವೇ? ಬಟ್ಟಲನ್ನ ಎತ್ತಿ ತಮ್ಮ ತಲೆ ಮೇಲೆ ದಬಾರಂತ ಬೋರಲು ಹಿಡಿಯೋರು. ಒಂದು ತೊಟ್ಟು ಬೀಳಬಾರದು! ನಾನು ಕಣ್ಣು ಮುಚ್ಚಿಕೊಳ್ತಿದ್ದೆ. ಬೀಳ್ತಿರಲಿಲ್ಲ. ಬಿದ್ದದ್ದನ್ನ ನಾನು ನೋಡೇ ಇಲ್ಲ.

ಬ್ರಶ್ಶು ಆರಿಸೋ ವಿಷಯದಲ್ಲಿ ಮಾವನದು ಒಂದೇ ಮತ, ಹಂದಿ ಕೂದಲು. ಅದು ನೀರು ಕುಡಿಯುತ್ತೆ, ಬೆಚ್ಚಗೆ ಇಟ್ಟುಕೊಳ್ಳುತ್ತೆ, ಬಳಸ್ತಾ ಬಳಸ್ತಾ ತುದಿ ಸೀಳಿ ಮೆತ್ತಗಾಗುತ್ತೆ. ನೈಲಾನ್ ಬ್ರಶ್ಶು ಅಂದರೆ ಮಾವನ ಮೈಯೆಲ್ಲ ಉರಿ. "ಅದು ಬ್ರಶ್ಶಲ್ಲ, ಪೊರ್ಕೆ. ನೀರು ನಿಲ್ಲಾಕಿಲ್ಲ ಅದ್ರಲ್ಲಿ. ನೈಲಾನ್ ಮುಟ್ಟೋ ಕಾಲ ಬಂದ್ರೆ ಗಡ್ಡ ಬುಟ್ಕೊಂಡು ಬೆಟ್ಟ ಸೇರ್ಕೊಬುಡ್ತೀನಿ" ಅಂತ ಊರೆಲ್ಲ ಸಾರಿದ್ದರು.

ಅತ್ತೆಗೆ ಹಂದಿ ಕೂದಲು ಅಂದರೆ ಅಸಹ್ಯ. ಆ ಬ್ರಶ್ಶು ಹೊಸಿಲು ದಾಟಿ ಒಳಗೆ ಬರೋ ಹಾಗಿರಲಿಲ್ಲ. ಜಗಲಿ ಕಂಬದ ಮೊಳೆಗೆ ದಾರ ಕಟ್ಟಿ, ಕೂದಲು ಕೆಳಗಾಗಿ ನೇತು ಹಾಕಿರೋರು, ನೀರು ಬುಡಕ್ಕೆ ಇಳಿದು ಕೊಳೀಬಾರದು ಅಂತ. ಅತ್ತೆ ಅದರ ಪಕ್ಕ ಹಾದು ಹೋಗೋವಾಗ ಸೆರಗು ಒತ್ತಿ ಹಿಡಿದುಕೊಳ್ಳೋರು, ತಗುಲಿಬಿಟ್ಟೀತು ಅಂತ.

"ಅದ್ಯಾಕಂಗಾಡ್ತೀಯೇ? ಕಲ್ಲಳ್ಳಿಗೋಗಿ ವರಾಹಸ್ವಾಮಿಗೆ ಅಡ್ಡಬಿದ್ದು ಬತ್ತೀಯಲ್ಲ, ಅದೇನು ಮತ್ತೆ?" ಅಂತ ಮಾವ.

"ಸ್ವಾಮಿಗೆ ಕೈ ಮುಗೀತೀನಿ. ಸ್ವಾಮಿನ ಸೋಪಿಗೆ ಅದ್ದಾಕಿಲ್ಲ!" ಅಂತ ಅತ್ತೆ.

ಇಷ್ಟು ಜಗಳ ಸಾಲದು ಅಂತ ಮನೆಗೆ ಇದ್ದದ್ದು ಒಂದೇ ಕನ್ನಡಿ, ಅದೂ ಜಗಲಿಯಲ್ಲಿ. ಮಾವನ ನೊರೆ ಏಳೋ ಹೊತ್ತಿಗೆ ಸರಿಯಾಗಿ ಅತ್ತೆ ಹರಳೆಣ್ಣೆ ಹಚ್ಚಿಕೊಂಡು ತಲೆ ಬಾಚೋಕೆ ಬರೋರು. ಅತ್ತೆ ಕೂದಲು ಅಂದರೆ ಸಾಮಾನ್ಯವೇ! ಬಿಚ್ಚಿದರೆ ಸೊಂಟ ದಾಟಿ ಇಳಿಯೋದು. ಅರವತ್ತು ತುಂಬಿದ ಮೇಲೂ ಜಡೆ ಒಂದು ಹಿಡಿ ಗಾತ್ರ ಇತ್ತು. ಬಾಚಿ ಮುಗಿಸಿ, ಬಾಚಣಿಗೆಯಲ್ಲಿ ಉಳಿದ ಎಳೆಗಳನ್ನೂ ಸುತ್ತಿ ಜೋಪಾನ ಮಾಡೋರು. ಒಡವೆ ಮಾಡಿಸಿಕೊಡಿ ಅಂತ ಅವರು ಕೇಳಿದ್ದು ನಾನು ಕಾಣೆ. ಜಡೆ ಹೆಗಲ ಮೇಲೆ ಹಾಕಿಕೊಂಡು ನಿಂತರೆ ಸಾಕು, ಮಹಾರಾಣಿ! ಒಬ್ಬರು ಕೂದಲು ತೆಗೆಯೋಕೆ, ಒಬ್ಬರು ಕೂದಲು ಬೆಳೆಸೋಕೆ, ಒಂದೇ ಕನ್ನಡಿಗೆ ಇಬ್ಬರ ಮುಖ. ಮಾವನ ನೊರೆ ಅತ್ತೆ ಕಿವಿಗೆ, ಅತ್ತೆ ಎಣ್ಣೆ ಮಾವನ ಮೂಗಿಗೆ. ಆ ಜಾತ್ರೆಯೊಳಗೆ ನಾನು ರಿಬ್ಬನ್ನು ಕಟ್ಟಿಕೊಂಡು ಸ್ಕೂಲಿಗೆ ಓಡ್ತಿದ್ದೆ.

ಮಾವ ಮಾಡ್ತಿದ್ದ ಕೆಲಸ ಹೇಳಲಿಲ್ಲ ನೋಡಿ. ಕೆ.ಆರ್. ಪೇಟೆಯಿಂದ ಸರ್ಕಾರಿ ಬಸ್ಸು ಓಡಿಸ್ತಿದ್ದರು. ಹಗಲೆಲ್ಲ ಪಾಂಡವಪುರ, ಶ್ರೀರಂಗಪಟ್ಟಣ ಅಂತ ಸುತ್ತಿ, ವಾರದಲ್ಲಿ ಕೆಲವು ದಿನ ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ನೈಟ್ ಹಾಲ್ಟು. ಸಂಜೆ ಬಸ್ಸು ಅಲ್ಲಿ ಹೋಗಿ ನಿಂತರೆ ಬೆಳಿಗ್ಗೆ ಮೊದಲ ಬಸ್ಸಾಗಿ ಹೊರಡಬೇಕು. ಬೇರೆ ಡ್ರೈವರುಗಳು ಅಲ್ಲಿ ಊಟ ಹೇಗೆ, ಸೊಳ್ಳೆ ಎಷ್ಟು ಅಂತ ವಿಚಾರಿಸಿದರೆ ಇವರು ವಿಚಾರಿಸಿದ್ದು ನೀರು. ಬೋರು ನೀರು, ಗಡಸು! ಎಷ್ಟು ತಿರುಗಿಸಿದರೂ ಸೋಪು ಮೊಸರು ಒಡೆದ ಹಾಗೆ ಒಡೆಯೋದು. "ನಾಗಮಂಗಲದ ಜನ ಒಳ್ಳೇವ್ರು, ನೀರು ಕಟುಕ" ಅಂತ ತೀರ್ಪು ಕೊಟ್ಟವರೇ, ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ಹೊಳೆಗಿಳಿದು ಒಂದು ಕ್ಯಾನಿಗೆ ಕಾವೇರಿ ನೀರು ತುಂಬಿ ಡ್ರೈವರ್ ಸೀಟಿನ ಪಕ್ಕ ಕೂರಿಸಿಕೊಂಡರು.

ದೇವಲಾಪುರದವರು ನೋಡಿದರು. ಡ್ರೈವರು ಬಂದಾಗಲೆಲ್ಲ ಕಾವೇರಿ ನೀರು ತರ್ತಾನೆ, ಬೆಳಿಗ್ಗೆ ಎದ್ದು ಪೂರ್ವಕ್ಕೆ ಮುಖ ಮಾಡಿ ಕೂರ್ತಾನೆ, ಬಟ್ಟಲಿಗೆ ಹನಿಹನಿಯಾಗಿ ಹಾಕ್ತಾನೆ, ಬಾಯಲ್ಲಿ ಏನೋ ಮಣಮಣ ಅಂತಾನೆ. ಎಂಥಾ ದೈವಭಕ್ತ! ಒಂದು ದಿನ ಒಬ್ಬ ಅಜ್ಜಿ ಚೊಂಬು ಹಿಡಿದು ಬಂದೇಬಿಟ್ಟಿತು. "ಡ್ರೈವರಪ್ಪ, ವಸಿ ತೀರ್ಥ ಕೊಡಪ್ಪ. ನಮ್ ಮನೆಯೋರ್ಗೆ ಅಲ್ಲಿಗಂಟ ಓಗಿ ಮುಳುಗಾಕಾಗಾಕಿಲ್ಲ."

ಮಾವ ಏನು ಹೇಳಬೇಕು? ಅಜ್ಜಿ, ಇದು ಗಡ್ಡಕ್ಕೆ ಅಂತ ಹೇಳೋಕೆ ಬಾಯಿ ಬರಲಿಲ್ಲವಂತೆ. ಚೊಂಬು ತುಂಬಿಸಿದರು. ಅದರ ಹಿಂದೆ ಇನ್ನೊಂದು ಚೊಂಬು, ಮತ್ತೊಂದು ಲೋಟ. ಕ್ಯಾನು ಖಾಲಿ! ಉಳಿದದ್ದು ಅರ್ಧ ಮುಖಕ್ಕಾಗುವಷ್ಟು. ಆ ದಿನ ನಮ್ಮ ಮಾವ ಎಡಗಡೆ ನುಣ್ಣಗೆ, ಬಲಗಡೆ ಗಡ್ಡ ಬಿಟ್ಟುಕೊಂಡು ಬಸ್ಸು ಓಡಿಸಿದರು. ಕಂಡಕ್ಟರು ದಾರಿಯುದ್ದಕ್ಕೂ ಕಿಸಕ್ಕಂತ ನಗ್ತಾ, "ಏನಣ್ಣೋ ಇದು, ಅರ್ಧಕ್ಕೇ ನಿಲ್ಸ್‌ಬುಟ್ಟಿದ್ದೀಯ?" ಅಂದರೆ, "ಇನ್ನರ್ಧ ದೇವಲಾಪುರಕ್ಕೆ ದಾನ ಕೊಟ್ಟೆ ಕಣ್ಲಾ, ಸುಮ್ಕೆ ಟಿಕೇಟು ಅರಿ" ಅಂದರಂತೆ. ಮಾರನೇ ವಾರದಿಂದ ಎರಡು ಕ್ಯಾನು. ಒಂದು ನೊರೆಗೆ, ಒಂದು ಅಜ್ಜಿಗೆ!

ಇನ್ನು ನನ್ನ ಮದುವೆ ಪ್ರಸಂಗ. ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬಂದದ್ದು ಮಾವನ ಮನೆಗೇ. ಜಗಲಿ ಮೇಲೆ ಉಪ್ಪಿಟ್ಟು, ಕಾಫಿ ಆಯಿತು. ಹುಡುಗನ ಸಂಬಳ, ಜಮೀನು, ಗುಣ, ಇದ್ಯಾವುದನ್ನೂ ನಮ್ಮ ಮಾವ ಕೇಳಲಿಲ್ಲ. ಹತ್ತಿರ ಹೋಗಿ ಹುಡುಗನ ಗಲ್ಲದ ಮೇಲೆ ಬೆರಳ ಹಿಂಬದಿ ಆಡಿಸಿದರು!

"ಯಾವ ಬ್ರಶ್ಶು?"

ಹುಡುಗ ಬೆವೆತುಹೋದ. "ಬ್ರಶ್ ಇಲ್ಲ ಸಾರ್... ಡಬ್ಬಿ ಒತ್ತಿದ್ರೆ ಫೋಮ್ ಬರುತ್ತಲ್ಲ, ಅದು."

ಮಾವ ಎರಡು ಹೆಜ್ಜೆ ಹಿಂದೆ ಬಂದು ಕೂತರು. ನಾನು ಬಾಗಿಲ ಹಿಂದೆ ನಿಂತು ದೇವರನ್ನ ನೆನೀತಿದ್ದೆ, ಯಾಕಂದರೆ ಹುಡುಗ ನನಗೆ ಹಿಡಿಸಿಬಿಟ್ಟಿದ್ದ. ಆಮೇಲೆ ಮಾವ ಎದ್ದು ಹೋಗಿ ಚೊಂಬಿನಲ್ಲಿ ಬಿಸಿನೀರು ತಂದರು. ಬೀಗರಾಗೋರ ಮುಂದೆ ಕೂತು ಅರ್ಧ ಗಂಟೆ ನೊರೆ ಕಡೆದು, ಆ ಬಟ್ಟಲನ್ನ ತೆಗೆದುಕೊಂಡು ಹೋಗಿ ಹುಡುಗನ ಅಪ್ಪನ ತಲೆ ಮೇಲೆ ಬೋರಲು ಹಿಡಿದರು! ಇಸ್ತ್ರಿ ಮಾಡಿದ ಬಿಳೀ ಜುಬ್ಬ, ಜರಿ ಶಲ್ಯ, ಮೇಲೆ ನೊರೆ ಬಟ್ಟಲು. ನನ್ನ ಮದುವೆ ಆ ಬಟ್ಟಲೊಳಗಿತ್ತು ಸ್ವಾಮಿ! ಒಂದು ತೊಟ್ಟು ಬೀಳಲಿಲ್ಲ. ಆ ಹಿರಿಯರು ತಲೆ ಎತ್ತಿ ನೋಡಿ, ಇನ್ನೂ ನೋಡಿ, "ನಮ್ ಹುಡುಗನಿಗೂ ಕಲಿಸ್ಕೊಡಿ" ಅಂದರು. ಸಂಬಂಧ ಕೂಡಿತು. ನನ್ನ ಗಂಡ ಇವತ್ತಿಗೂ ಮಾವನ ಮನೆಗೆ ಹೋಗೋವಾಗ ಡಬ್ಬಿ ಬಚ್ಚಿಟ್ಟು ಬ್ರಶ್ಶು ಹಿಡಿದು ಹೋಗ್ತಾರೆ.

ಹೀಗೇ ನಗ್ತಾ ನಗ್ತಾ ಮಾವ ರಿಟೈರಾದರು, ಮಗಳನ್ನ ಕೆ.ಆರ್. ಪೇಟೆಗೆ ಕೊಟ್ಟರು. ಹೋದ ವರ್ಷ ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು.

ನಾಗಮಂಗಲ ದಾಟಿ ಹೋದರೆ ಸಿಗೋ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆವು. ಆಪರೇಷನ್ನು ಆಯಿತು. ಇನ್ನು ಕೆಲವು ವಾರಕ್ಕೊಮ್ಮೆ ಬಂದು ಔಷಧಿ ಹಾಕಿಸಿಕೊಳ್ಳಬೇಕು, ಒಂದು ಸಲವೂ ತಪ್ಪಿಸಬಾರದು, ತಪ್ಪಿಸಿದರೆ ಇಷ್ಟು ಮಾಡಿದ್ದೂ ನೀರುಪಾಲು ಅಂತ ಡಾಕ್ಟರಮ್ಮ ಹೇಳಿದರು. ಮೊದಲ ಸಲ ಹಾಕಿಸಿಕೊಂಡು ಹೊರಡೋವಾಗ ಮಾವನನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. "ಕೂದಲೆಲ್ಲ ಉದುರುತ್ತೆ. ಅಷ್ಟಷ್ಟೇ ಉದುರೋದನ್ನ ನೋಡ್ತಾ ಕೂತರೆ ಮನಸ್ಸು ಕುಗ್ಗುತ್ತೆ, ಮುಂಚೆಯೇ ತೆಗೆಸಿದರೂ ಆಯ್ತು. ಆದರೆ ಹುಷಾರು, ಒಂದು ಗೀರೂ ಆಗಬಾರದು. ಈಗ ಅವರ ಮೈಯಲ್ಲಿ ನಂಜು ತಡೆಯೋ ಶಕ್ತಿ ಇಲ್ಲ."

ಮಾವ ಊಂ ಅಂತ ತಲೆ ಅಲ್ಲಾಡಿಸಿದರು.

ಅದೇ ವಾರ ಅತ್ತೆಗೆ ಔಷಧಿ ತರೋಕೆ ಅಂತ ಮಾವನ ಜೊತೆ ಕೆ.ಆರ್. ಪೇಟೆಗೆ ಹೋಗಿದ್ದೆ. ಔಷಧಿ ತಗೊಂಡು ತಿರುಗಿ ನೋಡಿದರೆ ಮಾವ ಇಲ್ಲ. ಹುಡುಕಿದರೆ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ! ಗಾಜಿನ ಮೇಲೆ ಅಂಗಡಿಯ ಬ್ರಶ್ಶುಗಳೆಲ್ಲ ಸಾಲಾಗಿ ನಿಂತಿವೆ. ಒಂದೊಂದನ್ನೇ ತೆಗೆದು ಮುಂಗೈ ಒಳಗಡೆ ಆಡಿಸ್ತಾರೆ, ಕುತ್ತಿಗೆ ಮೇಲೆ ಆಡಿಸ್ತಾರೆ, ಕೊನೆಗೆ ಕಣ್ಣು ಮುಚ್ಚಿ ರೆಪ್ಪೆ ಮೇಲೆ ಆಡಿಸ್ತಾರೆ. ಚುಚ್ಚಿದರೆ ಪಕ್ಕಕ್ಕೆ. ಅಂಗಡಿಯವನಿಗೆ ಸಾಕುಸಾಕಾಗಿತ್ತು.

"ಯಜಮಾನ್ರೇ, ಬ್ರಶ್ ತಗೊತೀರಾ, ಇಲ್ಲಾ ಹೆಣ್ ನೋಡ್ತಿದ್ದೀರಾ?"

"ಹೆಣ್ಣು ನೋಡ್ದಾಗ ಇಷ್ಟೊತ್ತು ತಕ್ಕಂಡಿರ್ನಿಲ್ಲ ಕಣಪ್ಪ" ಅಂದರು ಮಾವ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಒಂದನ್ನ ಎತ್ತಿ ಹಿಡಿದು, "ಇದು ಕೊಡು" ಅಂದರು.

ನೋಡ್ತೀನಿ, ನೈಲಾನು!

ನನಗೆ ರೇಗಿಹೋಯಿತು. "ಮಾವ, ಅತ್ತೆ ಅಲ್ಲಿ ಹಾಸಿಗೆ ಹಿಡಿದು ಮಲಗವ್ರೆ, ನಿಂಗಿಲ್ಲಿ ಬ್ರಶ್ಶಿನ ಯಾಪಾರ್ವಾ? ಅದೂ ನೈಲಾನು! ತಲೆ ಕೆಟ್ಟದಾ ನಿಂಗೆ?"

ಅವರು ನನ್ನ ಕಡೆ ನೋಡದೆ ಬ್ರಶ್ಶನ್ನ ಜೇಬಿಗೆ ಹಾಕಿಕೊಂಡರು. "ನಡಿಯವ್ವಾ, ಬಸ್ ಬತ್ತದೆ" ಅಂದರು.

ಡಾಕ್ಟರಮ್ಮ ಹೇಳಿದ ಹಾಗೇ ಆಯಿತು. ದಿಂಬಿನ ಮೇಲೆ ಕೂದಲು, ತಟ್ಟೆಯಲ್ಲಿ ಕೂದಲು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರೋದು. ಅತ್ತೆ ಅದನ್ನೆಲ್ಲ ಆರಿಸಿ ಆರಿಸಿ ಮಡಿಲಿಗೆ ಹಾಕಿಕೊಂಡು ಕೂರೋರು. ಕನ್ನಡಿ ಹತ್ತಿರ ಹೋಗೋದು ನಿಲ್ಲಿಸಿದರು. ತಲೆ ತುಂಬ ಸೆರಗು ಹೊದ್ದುಕೊಂಡು ಮೂಲೆ ಹಿಡಿದರು. ಎರಡನೇ ಸಲ ಆಸ್ಪತ್ರೆಗೆ ಹೋಗೋ ದಿನ ಹತ್ತಿರ ಬಂದಾಗ, "ನಾ ಬರಾಕಿಲ್ಲ" ಅಂದರು. ಅಷ್ಟೇ.

ಸ್ಕಾರ್ಫ್ ಕಟ್ಟಿಕೊಳ್ಳಿ ಅಂದೆ. ವಿಗ್ಗು ತಂದುಕೊಡ್ತೀನಿ ಅಂತ ಮಗಳು ಅಂದಳು. "ಸತ್ತೋರ್ ಕೂದ್ಲೋ ಯಾರ್ದೋ, ನಾ ಇಕ್ಕಳಾಕಿಲ್ಲ." ಕ್ಷೌರದವರನ್ನ ಮನೆಗೇ ಕರೆಸೋಣ ಅಂದರೆ, "ಕಂಡೋರ್ ಮುಂದೆ ತಲೆ ಬಗ್ಸಾಕಿಲ್ಲ." ಕೊನೆಗೆ ನಾನೇ ಉಪಾಯ ಮಾಡಿ, "ಅತ್ತೆ, ದೇವಸ್ಥಾನಕ್ಕೆ ಹೋಗಿ ಮುಡಿ ಕೊಟ್ಟು ಬರಾಣ. ಊರವರು ಹರಕೆ ಅಂದುಕೊಳ್ತಾರೆ, ಯಾರೂ ಏನೂ ಕೇಳಲ್ಲ" ಅಂದೆ. ನಮ್ಮ ಕಡೆ ಮುತ್ತೈದೆ ತಲೆ ಬೋಳಿಸಿಕೊಳ್ಳೋದು ಅಂದರೆ ದೇವರಿಗೆ ಮುಡಿ ಕೊಟ್ಟಾಗ ಮಾತ್ರ ತಾನೇ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಮುಡಿ ದೇವ್ರಿಗೆ ಕೊಡದು ಕಣವ್ವಾ. ಕಾಯ್ಲೆಗೆ ಕೊಡಾಕಾಯ್ತದಾ? ಅರಕೆ ಇಲ್ದೆ ಓಗಿ ಅಲ್ಲಿ ಕೂತ್ರೆ ದೇವ್ರಿಗೇ ಸುಳ್ಳೇಳ್ದಂಗಾಯ್ತದೆ. ದಿನಾ ವಸಿ ವಸಿ ಓಯ್ತಾ ಅದೆ. ಅದ್ರ ಜೊತೆ ನಾನೂ ಓಯ್ತೀನಿ, ಬುಟ್ಬುಡಿ."

ನಾನು ಅಡುಗೆಮನೆಗೆ ಹೋಗಿ ಅತ್ತೆಗೆ ಕಾಣದ ಹಾಗೆ ಅತ್ತುಬಿಟ್ಟೆ.

ಇತ್ತ ಮಾವ ಏನು ಮಾಡ್ತಿದ್ದರು ಅಂತೀರಿ? ನೊರೆ! ತಮ್ಮ ಗಡ್ಡದ ಕೆಲಸ ಮುಗಿಸಿ, ಆ ನೈಲಾನ್ ಬ್ರಶ್ಶು ಹಿಡಿದು ಎರಡನೇ ಸಲ ನೊರೆ ಕಡೆಯೋಕೆ ಕೂರೋರು. ಅದು ಇವರ ಮಾತು ಕೇಳ್ತಿರಲಿಲ್ಲ. ನೀರು ಹಿಡಿಯದೆ ಸೋರಿಸಿಬಿಡೋದು, ಬರೀ ಗುಳ್ಳೆ. "ಥೂ ನಿನ್ ವಂಸ ಆಳಾಗ" ಅಂತ ಬೈದು, ತೊಳೆದು, ಮತ್ತೆ ಶುರು. ಹಂದಿ ಕೂದಲಿಗೆ ನಡೆಯೋ ಲೆಕ್ಕ ನೈಲಾನಿಗೆ ನಡೆಯಲ್ಲ. ಅದನ್ನ ನೆನೆಸೋದೇ ಬೇಡ, ಸೋಪು ಹೆಚ್ಚು ಬೇಕು, ನೀರು ಇನ್ನೂ ನಿಧಾನ. ಅಷ್ಟು ವರ್ಷದ ವಿದ್ಯೆ ಪಕ್ಕಕ್ಕಿಟ್ಟು ಒಂದನೇ ಕ್ಲಾಸಿನಿಂದ ಕಲಿತರು. ನೊರೆ ಕೂತ ಮೇಲೆ ಅದನ್ನ ಹಚ್ಚಿದ್ದು ಎಲ್ಲಿಗ್ಗೊತ್ತೇ? ಮಂಡಿಗೆ! ಪಂಚೆ ಮೇಲೆತ್ತಿ ಕೂತು, ಮಂಡಿ ತುಂಬ ನೊರೆ ಬಳಿದು, ಹೊಸ ಬ್ಲೇಡು ಹಾಕಿ, ಉಸಿರು ಬಿಗಿಹಿಡಿದು ಕೆರೆಯೋರು. ಎಡ ಮಂಡಿ ಆಯಿತು, ಬಲ ಮಂಡಿ ಆಯಿತು.

ಅತ್ತೆ ಒಂದು ದಿನ ಒಳಗಿಂದ ಇದನ್ನ ನೋಡಿ, "ಏನು, ಮಂಡಿಗೂ ಗಡ್ಡ ಬಂತಾ?" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ಮಾವ ತಲೆ ಎತ್ತದೆ, "ಬರ್ನಿಲ್ಲ, ಬರಾಕ್ ಮುಂಚೇನೆ ಎಚ್ಚರ್‌ಕೆ" ಅಂದರು.

ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ಭಾನುವಾರ. ನಾನೂ ಬಂದಿದ್ದೆ, ಇನ್ನೊಂದು ಸಲ ಬೇಡಿಕೊಂಡು ನೋಡೋಣ ಅಂತ. ಮಾವ ಹಿತ್ತಲಲ್ಲಿ ಬಿಸಿಲು ಬೀಳೋ ಕಡೆ ಮಣೆ ಹಾಕಿದರು. ಕುದಿಸಿ ಆರಿಸಿದ ನೀರು, ತೊಳೆದ ಬಟ್ಟಲು, ಆ ಬ್ರಶ್ಶು. ಒಳಗೆ ಹೋಗಿ ಅತ್ತೆ ಮುಂದೆ ನಿಂತರು.

"ಬಾ, ಕೂತ್ಕೊ."

"ಯಾಕೆ?"

"ನೊರೆ ಅಚ್ತೀನಿ. ಬ್ಲೇಡು ಗೀಡು ಇಲ್ಲ, ಬರೀ ನೊರೆ. ಬ್ಯಾಡ ಅನ್ಸಿದ್ರೆ ತೊಳ್ಕೊಂಡು ಎದ್ದೋಗು."

"ಆ ಅಂದಿ ಕೂದ್ಲಲ್ಲಾ?"

"ಇಲ್ಲ, ನೈಲಾನು."

ಅತ್ತೆ ಗಕ್ಕನೆ ತಲೆ ಎತ್ತಿದರು. "ನೀವಾ? ನೈಲಾನಾ?"

"ನಿಂಗೆ ಅಂದಿ ಆಗಾಕಿಲ್ವಲ್ಲ" ಅಂದರು ಮಾವ.

ಅತ್ತೆ ಎದ್ದು ಬಂದು ಮಣೆ ಮೇಲೆ ಕೂತು ಸೆರಗು ಜಾರಿಸಿದರು. ಅಲ್ಲಲ್ಲಿ ಬೋಳಾದ ತಲೆ, ಅದರಿಂದ ಇಳಿದ ಒಂದು ಬೆರಳು ಗಾತ್ರದ ಜಡೆ. ಜಡೆ ಇರೋ ತಲೆಗೆ ನೊರೆ ಹಚ್ಚೋದು ಹೇಗೆ? ಮಾವ ಕತ್ತರಿ ತೆಗೆದುಕೊಂಡರು. ಕತ್ತರಿ ಜಡೆ ಹತ್ತಿರ ಹೋಗೋದು, ವಾಪಸ್ಸು ಬರೋದು.

"ಕೊಡಿ ಇಲ್ಲಿ" ಅಂತ ಅತ್ತೆ ಕತ್ತರಿ ಕಿತ್ತುಕೊಂಡು, ಜಡೆ ಮುಂದಕ್ಕೆಳೆದುಕೊಂಡು, ಕಚ್ ಅಂತ ತಾವೇ ಕತ್ತರಿಸಿದರು. ನನ್ನ ಕೈಗಿಟ್ಟರು.

ಮಾವ ನೊರೆ ಕಡೆಯೋಕೆ ಕೂತರು. ಅಂಥ ನೊರೆಯನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸದ್ದಿಲ್ಲ, ಗುಳ್ಳೆ ಇಲ್ಲ, ಬಟ್ಟಲ ಅಂಚು ಮೀರಿ ಮೇಲೆದ್ದು ನಿಂತಿತು. ಬೋರಲು ಹಿಡಿಯೋ ಆಟ ಆ ದಿನ ಆಡಲಿಲ್ಲ. ಬ್ರಶ್ಶಿನ ತುದಿಯಿಂದ ಮೊದಲು ಹಣೆ ಮೇಲ್ಗಡೆ, ಆಮೇಲೆ ನೆತ್ತಿ, ಕಿವಿ ಹಿಂದೆ, ಕುತ್ತಿಗೆ. ನೋಯುವ ಜಾಗ ಎಲ್ಲಿದೆ ಅಂತ ಬ್ರಶ್ಶಿಗೇ ಗೊತ್ತಿರೋ ಹಾಗೆ ಹೋಗ್ತಾ ಇತ್ತು. ಬಿಗಿದುಕೊಂಡು ಕೂತಿದ್ದ ಅತ್ತೆಯ ಹೆಗಲು ನಿಧಾನಕ್ಕೆ ಇಳಿಯಿತು. ಕಣ್ಣು ಮುಚ್ಚಿಕೊಂಡರು.

ಮಾವ ಕೈ ನಿಲ್ಲಿಸಿದರು. "ಸಾಕಾ?"

"ಇನ್ನೊಂದ್ ಸಲ ಅಚ್ಚಿ."

"ಯಾಕೆ, ಸರ್ಯಾಗಿ ಕೂರ್ನಿಲ್ವಾ?"

"ಸಂದಾಗಿ ಅದೆ. ಅದ್ಕೆ."

ಮಾವ ಇನ್ನೊಂದು ಸಲ ಹಚ್ಚಿದರು. ಅತ್ತೆ ಕಣ್ಣು ಬಿಡದೆ, "ಇಷ್ಟು ಸುಕಾನ ದಿನಾ ನೀವೊಬ್ರೇ ಪಡ್ತಿದ್ರಲ್ಲ, ನಂಗೊಂದು ಮಾತು ಯೋಳ್ಬಾರ್ದಾ?" ಅಂದರು. ಮಾವ ಹಚ್ಚಿ ಮುಗಿಸಿದ ಮೇಲೆ, "ಊಂ, ಬ್ಲೇಡು ತಗಳಿ" ಅಂದರು.

ಕತ್ತರಿ ಹಿಡಿದಾಗ ಹಿಂಜರಿದ ಕೈ ಈಗ ಹಿಂಜರಿಯಲಿಲ್ಲ. ಹಣೆಯಿಂದ ಹಿಂದಕ್ಕೆ, ಒಂದೊಂದೇ ಎಳೆತ. ಎಳೆದ ಕಡೆ ಮತ್ತೆ ನೊರೆ, ಮತ್ತೆ ಮೆಲ್ಲಗೆ. ನಾನು ಡಾಕ್ಟರಮ್ಮನ ಮಾತು ನೆನೆಸಿಕೊಂಡು, ಎಲ್ಲಿ ಕೆಂಪು ಕಾಣುತ್ತೋ ಅಂತ ಟವಲ್ಲು ಹಿಡಿದು ನಿಂತೇ ಇದ್ದೆ. ಬಿಳಿ ನೊರೆ ಬಿಳಿಯಾಗಿಯೇ ಬಟ್ಟಲಿಗೆ ಬಿತ್ತು. ಕೊನೆಗೆ ಬೆಚ್ಚನೆ ನೀರಲ್ಲಿ ತೊಳೆದು, ಅಂಗೈಯಿಂದ ತಲೆಯನ್ನೆಲ್ಲ ಸವರಿ ನೋಡಿದರು. ಒಂದು ಗೀರಿಲ್ಲ! ಇನ್ನು ಈ ಮನುಷ್ಯ ಇಡೀ ತಾಲ್ಲೂಕಿಗೆ ಡಂಗುರ ಹೊಡೀತಾರೆ ಅಂದುಕೊಂಡೆ. ಅವರು ಬ್ಲೇಡು ಒರೆಸಿ ಪಕ್ಕಕ್ಕಿಟ್ಟರು, ಅಷ್ಟೇ.

ಅತ್ತೆ ಎರಡು ಕೈಯಿಂದಲೂ ತಲೆ ಮುಟ್ಟಿ ನೋಡಿಕೊಂಡರು. ಮುಂದೆ, ಹಿಂದೆ, ಮತ್ತೆ ಮುಂದೆ. ಈಗ ಅಳ್ತಾರಾ? ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ತಾರಾ?

"ಉದುರಾಕೆ ಇನ್ನೇನೂ ಇಲ್ಲ, ಅಲ್ವಾ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಎಷ್ಟೊತ್ಗೆ ಒರಡ್ಬೇಕವ್ವಾ ಆಸ್ಪತ್ರೆಗೆ?"

ಮಾವ ಬಟ್ಟಲು ತೆಗೆದುಕೊಂಡು ತೊಟ್ಟಿ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು, ಆ ಬಟ್ಟಲನ್ನ ತೊಳೆದರು, ತೊಳೆದರು, ತೊಳೀತಾನೇ ಇದ್ದರು.

"ಆರೂವರೆಗೆ ಅತ್ತೆ" ಅಂದೆ ನಾನು.

"ಅಂಗಾರೆ ಬೇಗ ಎಬ್ಸು." ಅತ್ತೆ ಮಾವನ ಬೆನ್ನನ್ನೇ ನೋಡ್ತಾ ಇದ್ದರು. "ಕೂದ್ಲೋಗಿರದು ನಂದು, ಅಳ್ತಾ ಇರೋರು ಇವ್ರು. ಆ ಟವಲ್ ಕೊಡವ್ವಾ ಅವ್ರಿಗೆ."

ಕೊಡೋಣ ಅಂದರೆ, ನಾನಾಗಲೇ ಅದರಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದೆ.